ದಂಬೆ ಇಲ್ಲದ ಮಾಡು

ಕಾಸರಗೋಡಿನ ಸೀತಾಂಗೋಳಿಯಲ್ಲಿ ಭಾವನ ಮನೆಯ ಹಿಂದೆ ಕಟ್ಟಿಗೆ ರಾಶಿಗೆ ಒಂದು ಫೈಬರಿನ ಮಾಡು ಉಂಟು. ಹೊಸಬರು ಬಂದರೆ ಅದರ ಎದುರು ಒಂದು ಕ್ಷಣ ನಿಲ್ಲುತ್ತಾರೆ. ಕಟ್ಟಿಗೆಗೆ ಅಷ್ಟು ಚೆಂದದ ಮಾಡನ್ನು ಯಾರೂ ಮಾಡಿಸುವುದಿಲ್ಲವಲ್ಲ. ಮುಂದಿನಿಂದ ಹಿಂದಕ್ಕೆ ಒಂದೇ ಗೆರೆಯಲ್ಲಿ ಇಳಿದ ಬೆನ್ನು, ಒಂದು ಬೋಲ್ಟೂ ಕಾಣದ ಅಂಚು. ಪಾಚಿ ಹಿಡಿದಿದೆ, ಒಂದು ಮೂಲೆಯಲ್ಲಿ ಕೋಳಿ ಮೊಟ್ಟೆ ಇಡುತ್ತದೆ, ಆದರೂ ಆಕಾರ ಕೆಟ್ಟಿಲ್ಲ. ಅದು ಭಾವ ತಮ್ಮ ಶೆಡ್ಡಿನಲ್ಲಿ ಮಾಡಿದ ಮೊತ್ತಮೊದಲ ಜೀಪಿನ ಟಾಪು.

ಅದಕ್ಕೆ ಮೊದಲು ಅವರ ಕೆಲಸ ಹೆಚ್ಚಾಗಿ ದೋಣಿಗಳದ್ದು. ಕಡಪ್ಪುರದಿಂದ ಒಡೆದ ಫೈಬರ್ ದೋಣಿಗಳು ಬರುತ್ತಿದ್ದವು, ಗಾಜಿನ ನಾರಿನ ಮ್ಯಾಟ್ ಹಾಕಿ, ರೆಸಿನ್ ಎಂಬ ಅಂಟು ಬಳಿದು ಕಳಿಸುವುದು. ನಾನು ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಎರಡು ವರ್ಷ ಅಲ್ಲಿದ್ದೆ. ಮುಳ್ಳೇರಿಯ ಕಡೆಯ ಒಬ್ಬ ಅಡಕೆ ಕೃಷಿಕರು ತಮ್ಮ ಜೀಪಿನ ಹರಿದ ಟರ್ಪಾಲು ತೋರಿಸಿ "ಇದಕ್ಕೆ ಗಟ್ಟಿ ಟಾಪು ಆಗ್ತದಾ?" ಎಂದು ಕೇಳಿದಾಗ, ಆಗ್ತದೆ ಎಂದು ಭಾವನಿಗಿಂತ ಮೊದಲು ಹೇಳಿದವನು ನಾನೇ. ಗೀಟು ಎಳೆದವನೂ ನಾನೇ. ನನ್ನ ತಲೆಯಲ್ಲಿ ಆಗ ಜೀಪು ಇರಲಿಲ್ಲ, ಇಟಲಿಯ ಕಾರುಗಳಿದ್ದವು. ಮಾಡಿನ ಗೆರೆ ತಡೆಯಿಲ್ಲದೆ ಬಾಗಿಲಿಗೆ ಇಳಿಯಬೇಕು, ನಡುವೆ ಯಾವ ದಿಬ್ಬವೂ ಇರಬಾರದು ಎಂಬುದು ನನ್ನ ಹಟ.

ಏಪ್ರಿಲಿನ ಬಿಸಿಲಿನಲ್ಲಿ ಜೀಪು ಹೊರಟಾಗ ದಾರಿಯಲ್ಲಿ ಹೋಗುವವರೆಲ್ಲ ತಿರುಗಿ ನೋಡಿದರು. ಜೂನಿನ ಎರಡನೆಯ ವಾರ ಯಜಮಾನರು ಬೈರಾಸನ್ನು, ಅಂದರೆ ಮೈ ಒರೆಸುವ ಬಟ್ಟೆಯನ್ನು, ಕುತ್ತಿಗೆಗೆ ಸುತ್ತಿಕೊಂಡು ವಾಪಸು ಬಂದರು. ಬೈಗುಳವೇನೂ ಇಲ್ಲ. "ಬಾಗಿಲು ತೆಗೆದ ಕೂಡ್ಲೆ ಮಾಡಿನ ನೀರೆಲ್ಲ ಕುತ್ತಿಗೆಗೆ ಮಾರಾಯ್ರೆ," ಎಂದರು. ಅಷ್ಟೇ. ಭಾವ ಟಾಪಿನ ಅಂಚಿಗೆ ಬೆರಳು ಹಾಕಿ ಎಳೆದು ನೋಡಿದರು. ನಯವಾದ ಮೈಗೆ ಅಂಟಿಕೊಂಡು ಬಂದ ನೀರು ಅಂಚಿಗೆ ಬಂದರೂ ಕೆಳಗೆ ಬೀಳದೆ, ಅಂಚನ್ನೇ ಹಿಡಿದು ಒಳಗೆ ತಿರುಗುತ್ತಿತ್ತು. ಭಾವ ನನ್ನ ಕಡೆ ತಿರುಗಿ, "ಚೆಂದ ಕಂಡ್ರೆ ಸಾಕಾ ಮಾರಾಯ? ದಂಬೆ ಎಲ್ಲುಂಟು?" ಎಂದರು.

ದಂಬೆ ಅಂದರೆ ನಮ್ಮ ತೋಟಗಳಲ್ಲಿ ಅಡಕೆ ಮರ ಸೀಳಿ, ಒಳಗಿನದ್ದು ಕೆರೆಸಿ ಮಾಡುವ ನೀರಿನ ದಾರಿ. ಹಂಚಿನ ಮಾಡಿನ ಕೆಳಗೂ ಅದನ್ನೇ ಕಟ್ಟುತ್ತಿದ್ದರು. ಹಳೆಯ ಕಾರುಗಳ ಬಾಗಿಲ ಮೇಲೆ ಬೆರಳ ದಪ್ಪದ ಒಂದು ಏಣು ಓಡುತ್ತದಲ್ಲ, ಅದೂ ದಂಬೆಯೇ. ಈಗಿನ ಕಾರುಗಳಲ್ಲಿ ಅದು ರಬ್ಬರಿನ ಹಿಂದೆ ಅಡಗಿದೆ, ಹೋಗಿಲ್ಲ. ನನಗೆ ಅದು ಗೊತ್ತೇ ಇರಲಿಲ್ಲ. ಏಕೆಂದರೆ ನಾನು ಗೋಡೆಗೆ ಅಂಟಿಸಿಕೊಂಡ ಕಾರುಗಳೆಲ್ಲ ಪ್ರದರ್ಶನದ ಕಾರುಗಳು. ಅವುಗಳ ಮೇಲೆ ಮಳೆ ಬಿದ್ದದ್ದೇ ಇಲ್ಲ.

ಆ ದಿನದಿಂದ ನನಗೊಂದು ಚಾಳಿ ಹತ್ತಿತು. ಯಾವುದೇ ಸ್ಪೋರ್ಟ್ಸ್ ಕಾರಿನ ಮೊದಲ ಮಾದರಿಯ ಫೋಟೊ ಸಿಕ್ಕಿದರೆ, ಆಮೇಲೆ ಮಾರಾಟಕ್ಕೆ ಬಂದ ಕಾರಿನ ಫೋಟೊ ಪಕ್ಕದಲ್ಲಿಟ್ಟು ಏನೇನು ಬದಲಾಗಿದೆ ಎಂದು ಹುಡುಕುವುದು. ಮಕ್ಕಳ ಪತ್ರಿಕೆಯಲ್ಲಿ 'ಹತ್ತು ವ್ಯತ್ಯಾಸ ಗುರುತಿಸಿ' ಎಂದು ಬರುತ್ತದಲ್ಲ, ಆ ಆಟ. ಪ್ರತಿ ವ್ಯತ್ಯಾಸದ ಹಿಂದೆಯೂ ಬೈರಾಸು ಸುತ್ತಿಕೊಂಡು ಬಂದ ಒಬ್ಬ ಯಜಮಾನರಿದ್ದಾರೆ ಎಂಬುದು ನನ್ನ ನಂಬಿಕೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೂತು ನೋಡಿದ್ದು ಲಂಬೋರ್ಗಿನಿ ಕೌಂಟಾಕ್. 1971ರ ಮಾರ್ಚಿನಲ್ಲಿ ಜಿನೀವಾ ಪ್ರದರ್ಶನದಲ್ಲಿ ಕಾರಿನ ಮೈ ಕಟ್ಟುವ ಬರ್ಟೋನೆ ಕಂಪನಿಯವರು ಇಟ್ಟ ಹಳದಿ ಕಾರು, ಎಲ್‌ಪಿ500. ವಿನ್ಯಾಸ ಮಾರ್ಚೆಲ್ಲೊ ಗಾಂದಿನಿಯದ್ದು. ಹೆಸರು ಇಟಲಿಯ ಪೀಡ್‌ಮಾಂಟ್ ಕಡೆಯ ಆಡುಮಾತಿನ ಉದ್ಗಾರ, ನಾವು "ಯಬ್ಬಾ!" ಅನ್ನುವ ಹಾಗೆ. ಅದರ ಪಕ್ಕೆ ನೋಡಬೇಕು. ಗಾಳಿ ಎಳೆದುಕೊಳ್ಳಲು ಕಿಟಕಿಯ ಹಿಂದೆ ಮೀನಿನ ಕಿವಿರಿನಂಥ ಕೆಲವು ಸೀಳುಗಳು, ಅಷ್ಟೇ. ಉಳಿದದ್ದೆಲ್ಲ ಬೋಳು. ಆ ಬೋಳು ಪಕ್ಕೆಯನ್ನು ನೋಡಿಯೇ ನಾನು ಜೀಪಿನ ಟಾಪಿಗೆ ಗೀಟು ಎಳೆದದ್ದು.

1974ರಲ್ಲಿ ಮಾರಾಟಕ್ಕೆ ಬಂದ ಎಲ್‌ಪಿ400 ನೋಡಿದರೆ, ಅದೇ ಪಕ್ಕೆಯಲ್ಲಿ ಬಾಗಿಲಿನಿಂದ ಹಿಂಚಕ್ರದವರೆಗೆ ದೊಡ್ಡದೊಂದು ಕೊರೆದ ಗುಳಿ. ಕಿವಿರು ಇದ್ದ ಭುಜದ ಮೇಲೆ ಎರಡು ಪೆಟ್ಟಿಗೆ ಕೂರಿಸಿದ ಹಾಗೆ ಗಾಳಿಯ ಬಾಯಿಗಳು. ಕಾರಣ ಸರಳ. ಹನ್ನೆರಡು ಸಿಲಿಂಡರಿನ ಎಂಜಿನ್ ಚಾಲಕನ ಬೆನ್ನ ಹಿಂದೆ ಕೂತಿದೆ, ಸೀಳುಗಳಿಂದ ಬರುವ ಗಾಳಿ ಅದಕ್ಕೆ ಏನೇನೂ ಸಾಲದು. ಕಂಪನಿಯ ಪರೀಕ್ಷಾ ಚಾಲಕ, ನ್ಯೂಜಿಲೆಂಡಿನ ಬಾಬ್ ವಾಲೇಸ್, ಅದನ್ನು ರಸ್ತೆಗೆ ತೆಗೆದುಕೊಂಡು ಹೋದಾಗಲೆಲ್ಲ ಬಿಸಿಯದ್ದೇ ದೂರು. ಪ್ರದರ್ಶನದ ವೇದಿಕೆಯಲ್ಲಿ ಎಂಜಿನ್ ಚಾಲೂ ಮಾಡುವವರಿಲ್ಲ, ಅಲ್ಲಿ ಕಿವಿರು ಸಾಕಿತ್ತು.

ಕಣ್ಣಿಗೆ ಕಾಣದ ಬದಲಾವಣೆ ಇನ್ನೂ ದೊಡ್ಡದು. ಹೆಸರಿನ 500 ಅಂದರೆ ಐದು ಲೀಟರ್, ಲೆಕ್ಕಕ್ಕೆ 4,971 ಸಿಸಿ. ಮಾರಾಟದ ಕಾರಿಗೆ ಬಂದದ್ದು 3,929 ಸಿಸಿಯ ನಾಲ್ಕು ಲೀಟರಿನದ್ದು. ಮೊದಲ ಕಾರಿನ ಅಡಿಗಟ್ಟು ಉಕ್ಕಿನ ತಗಡಿನದ್ದು, ಮಾರಾಟದ್ದಕ್ಕೆ ಸಪುರ ಕೊಳವೆಗಳನ್ನು ಬೆಸೆದು ಕಟ್ಟಿದ ಪಂಜರ. ಒಳಗಿನ ಎಲೆಕ್ಟ್ರಾನಿಕ್ ಥಳುಕು ಹೋಗಿ ಸಾಮಾನ್ಯ ಮುಳ್ಳಿನ ಮೀಟರುಗಳು ಬಂದವು. ಅಂದರೆ ಹೊರಗಿನಿಂದ ನೋಡುವವರಿಗೆ ಅದೇ ಕಾರಿಗೆ ನಾಲ್ಕು ತೂತು ಹೆಚ್ಚಾದಂತೆ. ಕೆಲಸ ಮಾಡಿದವರಿಗೆ ಬೇರೆಯದೇ ಕಾರು.

ಹಿಂದೆ ಏನೂ ಕಾಣುವುದಿಲ್ಲ ಎಂಬ ತೊಂದರೆಯನ್ನು ಮಾತ್ರ ಅವರು ಕೊನೆಯವರೆಗೂ ಬಗೆಹರಿಸಲಿಲ್ಲ. ಮೊದಮೊದಲ ಕಾರುಗಳ ಮಾಡಿನ ನಡುವೆ ಒಂದು ತೋಡು ಕೊರೆದು ಪೆರಿಸ್ಕೋಪಿನಂತೆ ಹಿಂದೆ ನೋಡುವ ಕನ್ನಡಿ ಇಟ್ಟರು. 1978ರಲ್ಲಿ ಬಂದ ಮುಂದಿನ ಆವೃತ್ತಿಯ ಹೊತ್ತಿಗೆ ತೋಡೂ ಹೋಯಿತು. ರಿವರ್ಸ್ ತೆಗೆಯಲು ಉಳಿದದ್ದು ಒಂದೇ ಉಪಾಯ. ಮೇಲಕ್ಕೆ ಏಳುವ ಆ ಬಾಗಿಲನ್ನು ಎತ್ತಿ, ಹೊಸ್ತಿಲಿನ ಮೇಲೆ ಕೂತು, ಮೈ ಹೊರಗೆ ಹಾಕಿ ಹಿಂದೆ ನೋಡುತ್ತ ಓಡಿಸುವುದು. ನಮ್ಮಲ್ಲಿ ಬಸ್ಸಿಗೆ ಕಿಳಿ ಇರುತ್ತಾನೆ, ಬಾಗಿಲಲ್ಲಿ ನೇತಾಡುತ್ತ "ಬರ್ಲಿ ಬರ್ಲಿ" ಎಂದು ಬದಿಗೆ ಬಡಿಯುತ್ತಾನೆ. ಕೌಂಟಾಕಿನಲ್ಲಿ ಡ್ರೈವರೂ ಅವನೇ, ಕಿಳಿಯೂ ಅವನೇ.

ಆ ಹಳದಿ ಕಾರು 1974ರಲ್ಲಿ ಇಂಗ್ಲೆಂಡಿನಲ್ಲಿ ಡಿಕ್ಕಿ ಪರೀಕ್ಷೆಗೆ ಬಲಿಯಾಯಿತು. ಮಾರಾಟದ ಪರವಾನಗಿಗೆ ಒಂದು ಕಾರನ್ನು ಗೋಡೆಗೆ ಗುದ್ದಿ ತೋರಿಸಬೇಕಿತ್ತು, ಹೇಗೂ ಹಳೆಯದೊಂದು ಇತ್ತಲ್ಲ, ಅದನ್ನೇ ಕೊಟ್ಟರು. ಸುಮಾರು ಐವತ್ತು ವರ್ಷದ ಮೇಲೆ ಒಬ್ಬ ಸಂಗ್ರಾಹಕರಿಗೆ ಅದೇ ಬೇಕೆನಿಸಿತು. ಕಂಪನಿ ಹಳೆಯ ಫೋಟೊ, ಕಾಗದ, ಗೀಟುಗಳನ್ನೆಲ್ಲ ಹುಡುಕಿ, ಇಪ್ಪತ್ತೈದು ಸಾವಿರ ಗಂಟೆ ಕೆಲಸ ಮಾಡಿ, 2021ರಲ್ಲಿ ಹಾಗೆಯೇ ಇನ್ನೊಂದನ್ನು ಕಟ್ಟಿತು. ಟಯರಿನ ಅಚ್ಚುಗೆರೆಗೂ ಪಿರೆಲ್ಲಿಯವರು ತಮ್ಮ ಹಳೆಯ ದಾಖಲೆ ತೆಗೆಯಬೇಕಾಯಿತು. ನನಗೆ ಇದು ತಮಾಷೆಯಾಗಿಯೂ ಸ್ವಲ್ಪ ಬೇಸರವಾಗಿಯೂ ಕಾಣುತ್ತದೆ. ತಾವೇ ಮಾಡಿದ್ದನ್ನು ತಾವೇ ಇನ್ನೊಮ್ಮೆ ಮಾಡಲು ಅಷ್ಟು ಒದ್ದಾಟ! ಆದರೆ ಒಂದೇ ಒಂದು ಮಾಡಿದ ವಸ್ತುವಿನ ಗುಣವೇ ಅದು. ಮಾಡಿದವನ ಕೈಗೆ ಗೊತ್ತಿರುತ್ತದೆ, ಕಾಗದಕ್ಕೆ ಗೊತ್ತಿರುವುದಿಲ್ಲ.

ಇದನ್ನು ನನಗೆ ಅರ್ಥ ಮಾಡಿಸಿದ್ದು ಅಕ್ಕ, ಅದೂ ಬೆಳಗ್ಗಿನ ತಿಂಡಿಯ ಹೊತ್ತಿಗೆ. ಮೊದಲ ಟಾಪಿನ ಆಕಾರಕ್ಕೇ ದಂಬೆ ಸೇರಿಸಿ ಅಚ್ಚು ತೆಗೆದಿದ್ದೆವು, ಇನ್ನು ಬೇಕಾದಷ್ಟು ಟಾಪು ಎಳೆಯಬಹುದೆಂದು. ಅಚ್ಚಿಗೆ ಮೇಣ ಹಚ್ಚಿ, ಜೆಲ್‌ಕೋಟ್ ಎಂಬ ಹೊರಪದರ ಹೊಡೆದು, ಮ್ಯಾಟ್ ಹಾಸಿ, ಮರುದಿನ ತೆಗೆಯಲು ಹೋದರೆ ಬರುವುದಿಲ್ಲ. ರಬ್ಬರ್ ಸುತ್ತಿಗೆಯಲ್ಲಿ ಬಡಿದೆವು, ಸಂದಿಗೆ ನೀರು ಬಿಟ್ಟೆವು. ಕೊನೆಗೆ ಕಟರ್ ಹಾಕಿ ಅಚ್ಚನ್ನೇ ಸೀಳಬೇಕಾಯಿತು. ಹಿಂದಿನ ಗೋಡೆ ನೆಟ್ಟಗೆ ನಿಂತದ್ದೇ ತಪ್ಪು. ಎರಡು ದಿನದ ರೆಸಿನ್, ಕೂಲಿ, ಎಲ್ಲ ಹೋಯಿತು. ಭಾವ ಮಾತಿಲ್ಲದೆ ಚಾ ಕುಡಿಯುತ್ತಿದ್ದರು. ಅಕ್ಕ ಇಡ್ಲಿ ಕೀಳುತ್ತ, "ಇದು ಹೇಗೆ ಏಳ್ತದೆ ನೋಡಿ. ಗುಳಿ ಓರೆ ಉಂಟಲ್ಲ? ಮೂಡೆಯ ಹಾಗೆ ನೆಟ್ಟಗೆ ಮಾಡಿದ್ರೆ ಎಲೆ ಸುಲಿಯದೆ ಬರ್ತದಾ?" ಎಂದಳು.

ನಮ್ಮ ಕಡೆಯವರಲ್ಲದವರಿಗೆ ಹೇಳಬೇಕು. ಮೂಡೆ ಅಂದರೆ ಮುಂಡೇವಿನ ಎಲೆಯನ್ನು ಸುರುಳಿ ಸುತ್ತಿ, ಕಡ್ಡಿ ಚುಚ್ಚಿ ಮಾಡಿದ ಉದ್ದನೆಯ ಲೋಟದಲ್ಲಿ ಹಿಟ್ಟು ಹೊಯ್ದು ಬೇಯಿಸುವುದು. ಅದರ ಗೋಡೆ ನೆಟ್ಟಗಿದ್ದರೂ ತೊಂದರೆಯಿಲ್ಲ, ಏಕೆಂದರೆ ತಿನ್ನುವಾಗ ಎಲೆಯನ್ನೇ ಸುರುಳಿ ಬಿಚ್ಚುತ್ತೇವೆ. ಒಂದು ಮೂಡೆಗೆ ಒಂದು ಎಲೆ. ಇಡ್ಲಿ ತಟ್ಟೆ ದಿನಾ ಬೇಕು, ಒಂದೇ ತಟ್ಟೆಯಿಂದ ಸಾವಿರ ಇಡ್ಲಿ ಏಳಬೇಕು. ಅದಕ್ಕೆ ಗುಳಿ ಓರೆ.

ಸ್ಪೋರ್ಟ್ಸ್ ಕಾರಿನ ಮೊದಲ ಮಾದರಿ ಮೂಡೆ. ಮರದ ಆಕೃತಿಯ ಮೇಲೆ ಅಲ್ಯೂಮಿನಿಯಂ ತಗಡನ್ನು ಬಡಿದು ಬಡಿದು ಕೂರಿಸುತ್ತಾರೆ, ನಮ್ಮ ಗ್ಯಾರೇಜಿನ ಟಿಂಕರಿಂಗಿನವರ ಕೆಲಸವೇ, ಇನ್ನಷ್ಟು ನಾಜೂಕಾಗಿ. ಎಷ್ಟು ಕಡಿದಾದ ಮಡಿಕೆಯನ್ನೂ, ಒಳಕ್ಕೆ ತಿರುಗಿದ ಅಂಚನ್ನೂ ಕೈಯಲ್ಲಿ ಮಾಡಬಹುದು. ಪ್ರೆಸ್ಸಿನಲ್ಲಿ ಒತ್ತಿ ತೆಗೆಯಬೇಕಾದಾಗ ತಗಡು ಹರಿಯದೆ ಇಳಿಯಬೇಕು, ಅಚ್ಚಿನಿಂದ ಸಲೀಸಾಗಿ ಮೇಲೆ ಬರಬೇಕು. ಆಗ ಮಡಿಕೆಗಳು ದುಂಡಾಗುತ್ತವೆ, ಗೋಡೆಗಳು ತುಸು ಓರೆಯಾಗುತ್ತವೆ, ಒಂದೇ ಹಾಳೆಯಂತಿದ್ದದ್ದು ಎರಡು ತುಂಡಾಗಿ ನಡುವೆ ಗೀಟು ಬರುತ್ತದೆ. "ಪ್ರದರ್ಶನದ ಕಾರು ಎಷ್ಟು ಚೂಪಾಗಿತ್ತು, ಮಾರಾಟಕ್ಕೆ ಬರುವಾಗ ಊದಿಕೊಂಡಿತು" ಎಂದು ಜನ ಹೇಳುವಾಗ ಬಹುಪಾಲು ಅವರು ನೋಡುತ್ತಿರುವುದು ಇಡ್ಲಿ ತಟ್ಟೆಯ ಓರೆಯನ್ನು.

ಜಾಗ್ವಾರ್ ಇ-ಟೈಪಿನ ಕಥೆ ಉಲ್ಟಾ. ಅಲ್ಲಿ ಕೈಕೆಲಸದ ಗುರುತು ಮಾರಾಟದ ಕಾರಿನೊಳಗೂ ಸ್ವಲ್ಪ ದೂರ ನುಗ್ಗಿ ಬಂದಿದೆ. 1961ರ ಮಾರ್ಚಿನಲ್ಲಿ ಜಿನೀವಾದಲ್ಲಿ ತೋರಿಸಲು 9600 ಎಚ್‌ಪಿ ಎಂಬ ನಂಬರಿನ ಮಾದರಿ ಕಾರನ್ನು ಬಾಬ್ ಬೆರಿ ಎಂಬವರು ಕೊವೆಂಟ್ರಿಯಿಂದ ರಾತ್ರಿಯಿಡೀ ಓಡಿಸಿಕೊಂಡು ಹೋಗಿ ಹೊತ್ತಿಗೆ ಸರಿಯಾಗಿ ಮುಟ್ಟಿಸಿದರು. ಅದೇ ಕಾರು ಇಂಗ್ಲೆಂಡಿನ ಪತ್ರಿಕೆಯವರ ಪರೀಕ್ಷೆಯಲ್ಲಿ ಗಂಟೆಗೆ 150 ಮೈಲಿ, ಅಂದರೆ 240 ಕಿಲೋಮೀಟರ್ ದಾಟಿತು. ಆ 150 ಎಂಬ ಅಂಕೆ ಪ್ರಪಂಚವೆಲ್ಲ ಹಬ್ಬಿತು. ದುಡ್ಡು ಕೊಟ್ಟು ಕೊಂಡವರ ಕಾರುಗಳಲ್ಲಿ ಹೆಚ್ಚಿನವು ಅಲ್ಲಿಗೆ ಮುಟ್ಟಲೇ ಇಲ್ಲ, ಪರೀಕ್ಷೆಯ ಕಾರನ್ನು ವಿಶೇಷವಾಗಿ ಸಜ್ಜು ಮಾಡಿ ಕಳಿಸಿದ್ದರು. ಇದೂ ಒಂದು ವ್ಯತ್ಯಾಸವೇ, ಆದರೆ ಫೋಟೊದಲ್ಲಿ ಸಿಗುವುದಿಲ್ಲ.

ಮಾರಾಟದ ಮೊದಲ ಐನೂರರಷ್ಟು ಇ-ಟೈಪುಗಳಲ್ಲಿ ಬಾನೆಟ್ಟಿನ ಚಿಲಕ ಹೊರಗಡೆ ಇತ್ತು. ಟಿ ಆಕಾರದ ಒಂದು ಕೀಲಿ ಹಾಕಿ ತಿರುಗಿಸಬೇಕು, ಎಡಕ್ಕೊಂದು, ಬಲಕ್ಕೊಂದು. ಕೀಲಿ ಮರೆತರೆ ಆಯಿಲ್ ನೋಡುವ ಹಾಗಿಲ್ಲ. ಆಮೇಲೆ ಚಿಲಕ ಕಾರಿನ ಒಳಗೆ ಹೋಯಿತು. ಬಾನೆಟ್ಟಿನ ಮೇಲಿನ ಗಾಳಿಯ ಸೀಳುಗಳನ್ನು ಮೊದಮೊದಲು ಬೇರೆಯಾಗಿ ಮಾಡಿ ಬೆಸೆಯುತ್ತಿದ್ದರು, ಆಮೇಲೆ ಬಾನೆಟ್ಟಿನ ಜೊತೆಗೇ ಒತ್ತಿ ತೆಗೆದರು. ನೆಲ ಚಪ್ಪಟೆಯಾಗಿತ್ತು, ಉದ್ದ ಕಾಲಿನವರಿಗೆ ಹಿಮ್ಮಡಿ ಇಡಲು ಜಾಗವಿಲ್ಲ. 1962ರ ಹೊತ್ತಿಗೆ ನೆಲದಲ್ಲಿ ಹಿಮ್ಮಡಿಗೆಂದೇ ಗುಳಿ ಬಂತು. ಈಗ ನೋಡಿದರೆ ಹೊರಚಿಲಕದ, ಚಪ್ಪಟೆ ನೆಲದ, ಕಾಲು ಮಡಚಿ ಕೂರಬೇಕಾದ ಆ ಮೊದಲ ಕಾರುಗಳಿಗೇ ಬೆಲೆ ಜಾಸ್ತಿ. ಸರಿ ಮಾಡಿದ್ದಕ್ಕೆ ಕಡಿಮೆ! ಇದನ್ನು ಭಾವನಿಗೆ ಹೇಳಿದಾಗ ಅವರು ನಂಬಲಿಲ್ಲ.

ನಂಬರ್ ಪ್ಲೇಟಿನ ಬಗ್ಗೆ ಒಂದು ಮಾತು. ಪ್ರದರ್ಶನದ ಕಾರಿನ ಮೂತಿ ಅಷ್ಟು ಚೆಂದ ಕಾಣುವುದಕ್ಕೆ ಅರ್ಧ ಕಾರಣ ಅಲ್ಲಿ ನಂಬರ್ ಇಲ್ಲದಿರುವುದು. ಇ-ಟೈಪಿನ ಮೂತಿಯಲ್ಲಿ ಪ್ಲೇಟಿಗೆ ಸರಿಯಾದ ಜಾಗವೇ ಇಲ್ಲ, ಅದಕ್ಕೆ ಇಂಗ್ಲೆಂಡಿನಲ್ಲಿ ಬಾನೆಟ್ಟಿನ ಮೇಲೆಯೇ ಸ್ಟಿಕರ್ ಅಂಟಿಸಿಕೊಂಡು ಓಡಾಡಿದರು. ನಮ್ಮ ಕಾಸರಗೋಡಿನ ಕೆಎಲ್ 14ರ ಆರ್‌ಟಿಓದಲ್ಲಿ ಹಾಗೆ ಮಾಡಿ ನೋಡಿ, ಗೊತ್ತಾಗ್ತದೆ.

ಕಾನೂನು ಅಳಿಸಿ ಬರೆದದ್ದೂ ಕಡಿಮೆಯಿಲ್ಲ. ಅಮೆರಿಕದಲ್ಲಿ 1940ರಿಂದ 1980ರ ದಶಕದವರೆಗೂ ದೀಪ ಅಂದರೆ ನಿಗದಿತ ಅಳತೆಯ ಸೀಲ್ಡ್ ಬೀಮೇ (ಬಲ್ಬೂ ಗಾಜೂ ಬಿಡಿಸಲಾಗದಂತೆ ಒಂದಾದ ದೀಪ) ಆಗಬೇಕು, ನೆಲದಿಂದ ಇಷ್ಟು ಎತ್ತರದಲ್ಲೇ ಇರಬೇಕು. ಚಪ್ಪಟೆ ಮೂತಿಯ ಕಾರುಗಳಲ್ಲಿ ದೀಪ ಒಳಗೆ ಮಲಗಿ, ಬೇಕಾದಾಗ ಕಪ್ಪೆಯ ಕಣ್ಣಿನ ಹಾಗೆ ಏಳುವ ಏರ್ಪಾಡು ಅಷ್ಟು ಹಬ್ಬಲು ಅದೂ ಒಂದು ಕಾರಣ. 1973ರಿಂದ ಬಂಪರಿಗೂ ನಿಯಮ ಬಂತು. ಅಲ್ಲಿಗೆ ಹೋದ ಕೌಂಟಾಕಿನ ಮೂತಿಗೆ ಆಮೇಲೆ ಅಂಟಿಸಿದ ಬಂಪರ್ ನೋಡಿದರೆ ಕಣ್ಣಲ್ಲಿ ನೀರು ಬರುತ್ತದೆ. ಎಲ್ಲ ಬದಲಾವಣೆಯೂ ಒಳ್ಳೆಯದಕ್ಕೇ ಎಂದು ನಾನೇನೂ ಹೇಳುತ್ತಿಲ್ಲ.

ಮರ್ಸಿಡಿಸ್ 300 ಎಸ್‌ಎಲ್‌ನ ಬಾಗಿಲು ಮಾತ್ರ ನನಗೆ ಪಾಠದಂತೆ. 1952ರ ರೇಸಿನ ಕಾರಿನಲ್ಲಿ ಕೊಳವೆಗಳ ಪಂಜರ ಪಕ್ಕೆಯಲ್ಲಿ ಎತ್ತರಕ್ಕೆ ಬಂದಿತ್ತು. ಬಾಗಿಲನ್ನು ಬದಿಗೆ ತೆರೆಯಲು ದಾರಿಯಿಲ್ಲದೆ ಮಾಡಿಗೆ ಕೀಲು ಹಾಕಿ ಮೇಲಕ್ಕೆ ಎತ್ತಿದರು. ಮೊದಲು ಕಿಟಕಿಯ ಮಟ್ಟದಷ್ಟೇ ಚಿಕ್ಕ ಕಿಂಡಿ, ಆಮೇಲೆ ಅದೇ ವರ್ಷ ಪಕ್ಕೆಯನ್ನೂ ಸ್ವಲ್ಪ ಕತ್ತರಿಸಿ ಕೆಳಗೆ ತಂದರು. ಅದೇ ವರ್ಷ ಫ್ರಾನ್ಸಿನ ಲೆ ಮಾನ್ಸ್ ರೇಸು ಗೆದ್ದರು. 1954ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಮಾರಾಟದ ಕಾರು ಬಂದಾಗ, ಅನಿವಾರ್ಯಕ್ಕೆ ಮಾಡಿದ ಆ ಬಾಗಿಲೇ ಅದರ ಒಡವೆಯಾಯಿತು. ಕೊಂಡವರು ಸೂಟು ಸೀರೆಯವರು, ಅಷ್ಟು ಎತ್ತರದ ಹೊಸ್ತಿಲು ದಾಟಿ ಕೂರಬೇಕು. ಅದಕ್ಕೆ ಸ್ಟೇರಿಂಗನ್ನೇ ಕೆಳಕ್ಕೆ ಮಡಚುವಂತೆ ಮಾಡಿದರು. ಬಾಗಿಲಿನ ಗಾಜು ಇಳಿಯುವುದಿಲ್ಲ, ಬೇಕಾದರೆ ಕಳಚಿ ಇಡಬೇಕು. ನಮ್ಮ ಏಪ್ರಿಲಿನಲ್ಲಿ ಅದರಲ್ಲಿ ಕೂತರೆ ಆವಿಯಲ್ಲಿ ಬೆಂದ ಹಾಗೆಯೇ.

ರೇಸಿನ ಕಾರಿನಲ್ಲಿ ಇಲ್ಲದ, ಮಾರಾಟದ ಕಾರಿನಲ್ಲಿ ಬಂದ ಇನ್ನೊಂದುಂಟು, ಚಕ್ರಗಳ ಮೇಲೆ ಹುಬ್ಬಿನಂಥ ಏಣು. ಅಂದಕ್ಕೆ ಎನ್ನುವವರಿದ್ದಾರೆ, ಕೆಸರು ನೀರು ಮೇಲೆ ಹಾರದಿರಲೆಂದು ಎನ್ನುವವರೂ ಇದ್ದಾರೆ. ನಾನು ಯಾರ ಪಕ್ಷ ಎಂದು ಹೇಳಬೇಕಾಗಿಲ್ಲ. ನಮ್ಮ ಎರಡನೆಯ ಟಾಪಿನ ಬಾಗಿಲ ಮೇಲೆ ಭಾವ ಎಳೆದದ್ದೂ ಅಂಥದೇ ಹುಬ್ಬು.

ಕೆಲವೊಮ್ಮೆ ಬದಲಾಗುವುದು ಒಂದು ಅಂಕೆ ಮಾತ್ರ. ಪೋರ್ಷೆಯವರು 1963ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ತೋರಿಸಿದ ಕಾರಿನ ಹೆಸರು 901. ನಡುವೆ ಸೊನ್ನೆ ಇರುವ ಮೂರಂಕಿಯ ಹೆಸರು ತಮ್ಮದೆಂದು ಫ್ರಾನ್ಸಿನ ಪ್ಯೂಜೊ ತಕರಾರು ತೆಗೆದ ಮೇಲೆ ಸೊನ್ನೆ ಒಂದಾಗಿ 911 ಆಯಿತು. ಅಷ್ಟರಲ್ಲಿ 82 ಕಾರುಗಳು 901 ಆಗಿಯೇ ಹುಟ್ಟಿದ್ದವು. ನಮ್ಮ ಕುಂಬಳೆ ಮಲಯಾಳದ ಬೋರ್ಡಿನಲ್ಲಿ ಕುಂಬಳ ಆಗುವುದನ್ನು, ಮಂಜೇಶ್ವರಕ್ಕೆ ಒಂದು ಸೊನ್ನೆ ಹೆಚ್ಚಾಗಿ ಮಂಜೇಶ್ವರಂ ಆಗುವುದನ್ನು ದಿನಾ ನೋಡುವ ನಮಗೆ ಒಂದು ಅಕ್ಷರದ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮ ದೇಶದಲ್ಲಿ ಈ ಆಟ ಆಡಲು ಜೋಡಿಗಳೇ ಕಡಿಮೆ. 2017ರಲ್ಲಿ ಟಾಟಾದವರು ಜಿನೀವಾದಲ್ಲಿ ರೇಸ್‌ಮೊ ಎಂಬ ಪುಟ್ಟ ಎರಡು ಸೀಟಿನ ಕಾರು ತೋರಿಸಿದರು, ಮಾರಾಟಕ್ಕೆ ಬರಲಿಲ್ಲ. ಪಕ್ಕದಲ್ಲಿಡಲು ಎರಡನೆಯ ಫೋಟೊ ಇಲ್ಲ. ಮಳೆಯೇ ಬೀಳದ ಕಾರಿನಲ್ಲಿ ದಂಬೆ ಇತ್ತೋ ಇಲ್ಲವೋ ಹೇಳುವುದು ಹೇಗೆ?

ಭಾವ ಆಮೇಲೆ ಹನ್ನೊಂದು ಟಾಪು ಮಾಡಿದರು. ಹಿಂದಿನ ಗೋಡೆ ಎರಡು ಬೆರಳು ಓರೆ, ಬಾಗಿಲ ಮೇಲೆ ಹುಬ್ಬು, ಮೂಲೆಯಲ್ಲಿ ನೀರು ಇಳಿಯಲು ಒಂದು ತೂತು. ಮೂರನೆಯ ಜೀಪಿಗೆ ಕೂರಿಸುವಾಗ ಅದರ ಮುಂದಿನ ಗಾಜಿನ ಚೌಕಟ್ಟು ಅರ್ಧ ಇಂಚು ಬೇರೆ ಎಂದು ಗೊತ್ತಾಗಿ, ಬೋಲ್ಟಿನ ತೂತುಗಳನ್ನು ಉದ್ದಕ್ಕೆ ಸೀಳು ಮಾಡಿದ್ದೂ ಆಯಿತು. ಮುಳ್ಳೇರಿಯದ ಯಜಮಾನರಿಗೆ ಬದಲಿ ಟಾಪು ದುಡ್ಡಿಲ್ಲದೆ ಕೊಟ್ಟರು. ಮೊದಲನೆಯದು ಹಿತ್ತಲಿಗೆ ಹೋಯಿತು.

ಕಳೆದ ತಿಂಗಳು ಉಪ್ಪಳದಿಂದ ಒಬ್ಬ ಹುಡುಗ ಬಂದಿದ್ದ. ಹಳೆಯ ಜೀಪು ತಂದು ಒಪ್ಪ ಮಾಡಿ ಮಾರುವವನು. ಶೆಡ್ಡಿನಲ್ಲಿದ್ದ ಟಾಪು ನೋಡಿದ, ರೇಟು ಕೇಳಿದ, ಕೈ ತೊಳೆಯಲು ಹಿಂದೆ ಹೋದವನು ಅಲ್ಲೇ ನಿಂತ.

"ಅಣ್ಣಾ, ಇದು ಕೊಡ್ತೀರಾ?"

"ಅದು ಸೋರ್ತದೆ ಮಾರಾಯ, ದಂಬೆ ಇಲ್ಲ," ಎಂದರು ಭಾವ.

"ಗೊತ್ತುಂಟು," ಎಂದ ಹುಡುಗ. "ಅದಕ್ಕೇ ಕೇಳಿದ್ದು. ಹೊಸದರ ಎರಡು ಪಾಲು ಕೊಡ್ತೇನೆ."

ಭಾವ ನನ್ನ ಮುಖ ನೋಡಿದರು. ನಾನು ಏನೂ ಹೇಳಲಿಲ್ಲ. ಅಡಿಗೆ ಮನೆಯ ಕಿಟಕಿಯಿಂದ ಅಕ್ಕ ಕೇಳಿದಳು, "ಅದು ತಕ್ಕೊಂಡು ಹೋದ್ರೆ ಕಟ್ಟಿಗೆ ಎಲ್ಲಿ ಹಾಕುದು?"